ಹಲ್ಲುನೋವು ನಿಂತ್ಮೇಲೂ ರೂಟ್ ಕೆನಾಲ್ ಮಾಡಿಸ್ಲೇಬೇಕಾ?

ಹತ್ತು ದಿನ ದವಡೆ ಹಲ್ಲು ನೋವಿತ್ತು, ಮಾತ್ರೆ ನುಂಗಿದ್ಮೇಲೆ ಪೂರ್ತಿ ನಿಂತಿದೆ, ಆದ್ರೂ ಡಾಕ್ಟ್ರು ರೂಟ್ ಕೆನಾಲ್ ಅಂತಾರೆ, ದುಡ್ಡಿಗೋಸ್ಕರ ಇರ್ಬಹುದಾ ಅಂತ ಕೇಳಿದೀರ. ನೋವು ಹೀಗೆ ಪೂರ್ತಿ ನಿಂತಿದೆ ಅನ್ನೋದೇ ನನಗೆ ಭಯ, ಯಾಕಂದ್ರೆ ನನಗೂ ಹಾಗೇ ಆಗಿತ್ತು.

ನಾನು ಕೊಡಗಿನ ಸುಂಟಿಕೊಪ್ಪದ ಹತ್ರ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಕೆಲಸ. ಜನವರೀಲಿ ಕಾಫಿ ಕುಯ್ಲು ಜೋರಿದ್ದಾಗ ಕೆಳಗಿನ ದವಡೆ ಹಲ್ಲು ಶುರುವಾಯ್ತು, ಹಗಲು ಹೇಗೋ ತಡ್ಕೋಬಹುದು, ರಾತ್ರಿ ತಲೆ ದಿಂಬಿಗೆ ಇಟ್ರೆ ಸಾಕು ಟಕ್ ಟಕ್ ಅಂತ ಮಿಡಿಯೋದು, ಬಿಸಿ ಕಾಫಿ ಕುಡಿದ್ರೆ ಜೀವ ಹೋಗೋದು, ತಣ್ಣೀರು ಬಾಯಲ್ಲಿ ಹಿಡ್ಕೊಂಡ್ರೆ ಒಂಚೂರು ಸಮಾಧಾನ, ಹಾಗಾಗಿ ಮಂಚದ ಪಕ್ಕ ಚೊಂಬು ಇಟ್ಕೊಂಡು ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತಿದ್ದೆ. ಅಮ್ಮ ಲವಂಗ ಕೊಟ್ರು. ವಾರದಲ್ಲಿ ನೋವು ಮಾಯ, ವಾಸಿಯಾಯ್ತು ಅಂತ ಬಿಟ್ಟೆ. ಮಳೆಗಾಲದಲ್ಲಿ ಕೆನ್ನೆ ಊದ್ಕೊಂಡು, ಕೊಡವರ ಕಕ್ಕಡ ತಿಂಗಳ 18ರ ದಿನ ಮದ್ದುಸೊಪ್ಪಿನ ಪಾಯಸ ಬಾಯಿಗೆ ಇಡೋಕೂ ಆಗ್ಲಿಲ್ಲ. ವಸಡಲ್ಲಿ ಗುಳ್ಳೆ ಎದ್ದು ಕೀವು ಬರ್ತಿತ್ತು.

ಆಗಿದ್ದು ಏನಂದ್ರೆ, ಹಲ್ಲಿನ ಒಳಗೆ ನರ, ರಕ್ತನಾಳ ಇರೋ ಮೆತ್ತನೆ ಭಾಗ ಇರತ್ತೆ. ಹುಳುಕು ಅಲ್ಲಿವರೆಗೆ ಹೋದ್ರೆ ಅದು ಊದ್ಕೊಳತ್ತೆ, ಸುತ್ತ ಗಟ್ಟಿ ಹಲ್ಲು, ಊದೋಕೆ ಜಾಗ ಇಲ್ಲ, ಅದಕ್ಕೇ ಅಷ್ಟು ನೋವು. ಕೊನೆಗೆ ನರ ಸತ್ತೋಗತ್ತೆ, ನೋವೂ ನಿಲ್ಲತ್ತೆ, ಆದ್ರೆ ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳೀತಾನೇ ಇರತ್ತೆ. ಸತ್ತ ನರದ ಜಾಗದಲ್ಲಿ ರಕ್ತ ಓಡಲ್ಲ, ಹಾಗಾಗಿ ಆ್ಯಂಟಿಬಯಾಟಿಕ್ ಅಲ್ಲಿಗೆ ತಲುಪೋದೇ ಇಲ್ಲ. ಅದಕ್ಕೇ ಹಲ್ಲಿನ ಒಳಗನ್ನೇ ಕ್ಲೀನ್ ಮಾಡೋ ರೂಟ್ ಕೆನಾಲ್ ಅನ್ನೋದು.

ಹಾಗಂತ ಎಲ್ಲ ನೋವಿಗೂ ರೂಟ್ ಕೆನಾಲ್ ಬೇಡ. ತಣ್ಣಗಿರೋದು ತಾಗಿದಾಗ ಜುಮ್ ಅಂದು ತಕ್ಷಣ ಹೋದ್ರೆ ಸಾಮಾನ್ಯವಾಗಿ ಫಿಲ್ಲಿಂಗಲ್ಲೇ ಮುಗಿಯತ್ತೆ. ಜುಮ್ ಅಂದಿದ್ದು ನಿಮಿಷಗಟ್ಟಲೆ ನಿಂತ್ರೆ, ನಿದ್ದೆಯಿಂದ ಎಬ್ಬಿಸಿದ್ರೆ, ಕಚ್ಚಿದಾಗ ನೋವಾದ್ರೆ, ವಸಡಲ್ಲಿ ಗುಳ್ಳೆ ಬಂದ್ರೆ ನರಕ್ಕೆ ಹತ್ತಿದೆ ಅಂತ್ಲೇ ಅನುಮಾನ ಪಡಿ. ಡಾಕ್ಟ್ರ ಹತ್ರ ಎಕ್ಸ್‌ರೇ ತೋರಿಸಿ ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ. ನನ್ನದ್ರಲ್ಲಿ ಬೇರಿನ ತುದೀಲಿ ಕಾಳುಮೆಣಸಿನಷ್ಟು ಕಪ್ಪು ಕಾಣ್ತಿತ್ತು, ಮೂಳೆ ಕರಗಿರೋ ಜಾಗ ಅದು. ಇನ್ನೂ ಅನುಮಾನ ಇದ್ರೆ ವಿರಾಜಪೇಟೇಲಿ ಡೆಂಟಲ್ ಕಾಲೇಜೇ ಇದೆ, ಅಲ್ಲೂ ತೋರಿಸ್ಬಹುದು.

ಮಾಡೋವಾಗ ಇಂಜೆಕ್ಷನ್ ಕೊಟ್ಟು ಮರಗಟ್ಟಿಸ್ತಾರೆ, ಸೂಜಿಯಂಥ ಫೈಲಲ್ಲಿ ಒಳಗಿನ ಕಾಲುವೆಗಳನ್ನ ಕೆರೆದು, ಔಷಧಿ ನೀರಲ್ಲಿ ತೊಳೆದು, ಗಟ್ಟಾ ಪರ್ಚಾ ಅಂತ ಮರದ ಹಾಲಿಂದ ಬರೋ ರಬ್ಬರಿನಂಥ ವಸ್ತು ತುಂಬಿ ಮುಚ್ತಾರೆ. ದವಡೆ ಹಲ್ಲಲ್ಲಿ ಮೂರ್ನಾಲ್ಕು ಕಾಲುವೆ ಇರೋದ್ರಿಂದ ಟೈಮ್ ಹಿಡಿಯತ್ತೆ. ನನಗೆ ನೋವಿಗಿಂತ ಬಾಯಿ ತೆರೆದೇ ಇದ್ದು ದವಡೆ ಸೋತಿದ್ದೇ ಜಾಸ್ತಿ.

ಆಮೇಲೆ ಹಲ್ಲಿನ ಮೇಲೆ ಕೂರಿಸೋ ಕ್ಯಾಪ್ ಮಾತ್ರ ಮುಂದೂಡ್ಬೇಡಿ, ದವಡೆ ಹಲ್ಲು ಕ್ಯಾಪ್ ಇಲ್ದೆ ಸೀಳೋ ಸಾಧ್ಯತೆ ಜಾಸ್ತಿ, ಅಲ್ಲಿವರೆಗೆ ಆ ಕಡೆ ಪಂದಿ ಕರಿ (ಹಂದಿ ಸಾರು) ಎಲುಬು ಕಡಿಯೋದು ಬೇಡ. ಅಪಾಯಿಂಟ್ಮೆಂಟಿಗೆ ಮೊದ್ಲೇ ಊತ ಗಂಟಲ ಕಡೆ ಇಳಿದ್ರೆ, ಬಾಯಿ ತೆರೆಯೋಕೆ, ನುಂಗೋಕೆ ಕಷ್ಟ ಆಗಿ ಜ್ವರ ಬಂದ್ರೆ ಕಾಯ್ಬೇಡಿ, ಮಧ್ಯರಾತ್ರಿ ಆದ್ರೂ ಸರಿ, ಮಡಿಕೇರಿ ದೊಡ್ಡಾಸ್ಪತ್ರೆಗೆ ಹೋಗಿಬಿಡಿ.