ಕಮಿಲ್ಲೇರಿ ಬರೆಯಲು ಶುರು ಮಾಡಿದ್ದು ನಿಜಕ್ಕೂ ಯಾವಾಗ?

ಪ್ರಶ್ನೆ: ಇಟಲಿಯ ಪತ್ತೇದಾರಿ ಕಾದಂಬರಿಕಾರ ಆಂದ್ರೆಯಾ ಕಮಿಲ್ಲೇರಿ ಎಪ್ಪತ್ತರ ಹತ್ತಿರ ಬಂದಮೇಲೆ ಬರೆಯಲು ಶುರು ಮಾಡಿದರಂತೆ, ಹೌದಾ? ನಾನೂ ಈಚೆಗೆ ನಿವೃತ್ತನಾಗಿದ್ದೇನೆ. ಕಾದಂಬರಿ ಬರೆಯುವ ಆಸೆ ಇದೆ. ಅವರದ್ದು ಯಾವುದನ್ನು ಮೊದಲು ಓದಲಿ?

ಉತ್ತರ: ಹೆಸರು ಬಂದದ್ದು ಆ ವಯಸ್ಸಿನಲ್ಲಿ, ನಿಜ. ಆದರೆ ಅವರು ಅಲ್ಲಿಯವರೆಗೆ ಸುಮ್ನೆ ಕೂತಿರಲಿಲ್ಲ.

ಹುಟ್ಟಿದ್ದು 1925ರಲ್ಲಿ, ಸಿಸಿಲಿಯ ಪೋರ್ತೊ ಎಂಪೆದೊಕ್ಲೆ ಎಂಬ ಬಂದರು ಊರಿನಲ್ಲಿ. ರೋಮಿಗೆ ಹೋಗಿ ನಾಟಕ ನಿರ್ದೇಶನ ಕಲಿತರು, ಕಲಿಸಿದರು, ಸರ್ಕಾರಿ ಟಿವಿ ಸಂಸ್ಥೆ ರಾಯ್‌ನಲ್ಲಿ ವರ್ಷಗಟ್ಟಲೆ ದುಡಿದರು. 1960ರ ದಶಕದಲ್ಲಿ ಅಲ್ಲಿ ಕಾದಂಬರಿಕಾರ ಸಿಮೆನೋನ್ ಸೃಷ್ಟಿಸಿದ ಪೊಲೀಸ್ ಅಧಿಕಾರಿ ಮೆಗ್ರೆಯ ಕಥೆಗಳು ಧಾರಾವಾಹಿಯಾದಾಗ ಅದರ ನಿರ್ಮಾಣದಲ್ಲಿ ಇವರೂ ಇದ್ದರು. ಚಿತ್ರಕಥೆ ಬರೆಯುತ್ತಿದ್ದ ದಿಯೆಗೊ ಫಾಬ್ರಿ ಒಂದೊಂದು ಕಾದಂಬರಿಯನ್ನೂ ಬಿಡಿಬಿಡಿಯಾಗಿ ಕಳಚಿ ಮತ್ತೆ ಜೋಡಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದರು. ಪತ್ತೇದಾರಿ ಕಥೆ ಕಟ್ಟುವುದನ್ನು ಕಲಿತದ್ದು ಹಾಗೆ ಅಂತ ಅವರೇ ಹೇಳಿದ್ದಾರೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಾ?

ಮೊದಲ ಕಾದಂಬರಿಯ ಕಥೆ ನನಗೆ ತುಂಬಾ ಇಷ್ಟ. ಅಪ್ಪ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದರು. ಮಗ ಪಕ್ಕದಲ್ಲಿ ಕೂತು, ತನ್ನ ತಲೆಯಲ್ಲಿದ್ದ ಕಥೆಯನ್ನು ಮನೆಯಲ್ಲಿ ಮಾತಾಡುವ ಹಾಗೆ, ಅರ್ಧ ಸಿಸಿಲಿಯ ಮಾತು ಅರ್ಧ ಇಟಾಲಿಯನ್ ಬೆರೆಸಿ ಹೇಳಿದರು. ನನಗೆ ಹೇಳಿದ ಹಾಗೇ ಬರಿ ಅಂದರು ಅಪ್ಪ. ಹಾಗೇ ಬರೆದರು. ಪ್ರಕಾಶಕರು ಒಬ್ಬರ ಹಿಂದೆ ಒಬ್ಬರು ಬೇಡ ಅಂದರು, ಹತ್ತು ವರ್ಷ ಹಸ್ತಪ್ರತಿ ಹಾಗೇ ಬಿದ್ದಿತ್ತು, ಕೊನೆಗೆ 1978ರಲ್ಲಿ ಬಂದಾಗಲೂ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1980ರಲ್ಲಿ ಇನ್ನೊಂದು ಬಂತು. ಆಮೇಲೆ 1992ರವರೆಗೆ ಕಾದಂಬರಿಯೇ ಇಲ್ಲ!

1994ರಲ್ಲಿ ಅವರ ಪತ್ತೇದಾರಿ ಕಥೆಗಳ ನಾಯಕ ಇನ್‌ಸ್ಪೆಕ್ಟರ್ ಮೊಂತಾಲ್ಬಾನೊ ಬಂದ. ಬೇರೊಂದು ಕಾದಂಬರಿ ಮುಂದೆ ಹೋಗದೆ ನಿಂತಿತ್ತು, ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳುವುದನ್ನು ರೂಢಿಸಿಕೊಳ್ಳಲು ಪತ್ತೇದಾರಿ ಕಥೆ ಕೈಗೆತ್ತಿಕೊಂಡರು. ಭಾಷೆ ಮಾತ್ರ ಅಪ್ಪನಿಗೆ ಕಥೆ ಹೇಳಿದಾಗಿನದ್ದೇ. ಅದನ್ನು ಬಿಟ್ಟುಕೊಡದೇ ಇದ್ದದ್ದೇ ಅವರ ದೊಡ್ಡತನ ಅಂತ ನನಗನಿಸುತ್ತದೆ. ಎಷ್ಟು ಜನಪ್ರಿಯರಾದರು ಅಂದರೆ, 2003ರಲ್ಲಿ ಅವರ ಹುಟ್ಟೂರು ಕಾದಂಬರಿಗಳಲ್ಲಿ ಬರುವ ಕಲ್ಪನೆಯ ಊರು ವಿಗಾತಾದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿತು, ಕೆಲವು ವರ್ಷ ಇಟ್ಟುಕೊಂಡಿತ್ತು ಕೂಡ. ಕಣ್ಣು ಹೋದಮೇಲೂ ಹೇಳಿ ಬರೆಸುತ್ತಿದ್ದರು, 2019ರಲ್ಲಿ ತೀರಿಕೊಂಡರು. ಮೊಂತಾಲ್ಬಾನೊನ ಕೊನೆಯ ಕಥೆಯನ್ನು 2005ರಲ್ಲೇ ಪ್ರಕಾಶಕರ ಕೈಗೆ ಕೊಟ್ಟಿದ್ದರು, ಅದು ಬಂದದ್ದು 2020ರಲ್ಲಿ.

ನಿಮ್ಮ ಕಾದಂಬರಿಗೆ ಬಂದರೆ, ವಯಸ್ಸಿನ ಚಿಂತೆ ಬಿಡಿ. ನಿವೃತ್ತಿಯವರೆಗೆ ಮಾಡಿದ ಕೆಲಸದಲ್ಲಿ ನೀವು ಕಂಡ ಜನ, ಕೇಳಿದ ಮಾತು ನಿಮ್ಮ ಹತ್ತಿರ ಇದೆ ಅಲ್ವಾ, ಅಲ್ಲಿಂದ ಶುರು ಮಾಡಿ. ಮೊದಲು ಮನೆಯಲ್ಲಿ ಒಬ್ಬರಿಗೆ ಬಾಯಲ್ಲಿ ಹೇಳಿ ನೋಡಿ. ಓದಿಗೆ 'ದಿ ಶೇಪ್ ಆಫ್ ವಾಟರ್' ಸಾಕು, ಸ್ಟೀಫನ್ ಸಾರ್ಟರೆಲ್ಲಿ ಅವರ ಇಂಗ್ಲಿಷ್ ಅನುವಾದ ಸಿಗುತ್ತದೆ. ಚಿಕ್ಕ ಪುಸ್ತಕ, ಮೊಂತಾಲ್ಬಾನೊನ ಮೊದಲ ಕಥೆಯೂ ಅದೇ.