ಸಂಪಾದಕರ ಉತ್ತರ: ಕಾವಲುಗಾರನಿಗೆ ಹೇಳಿದ ಮಾತು

ಮಾನ್ಯರೇ,

ಮಂಡ್ಯದಿಂದ ನೀವು ಬರೆದ ಪತ್ರ ಕೈಸೇರಿತು. ನಿಮ್ಮ ಕಾಲೇಜಿನ ತಂಡ ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ತಾಲೀಮು ನಡೆಸುತ್ತಿದೆಯೆಂದೂ, ಎಂಟನೆಯ ದೃಶ್ಯದ ಯುವ ಕಾವಲುಗಾರನ ಪಾತ್ರ ನಿಮ್ಮದೆಂದೂ, ಅಲ್ಲಿ ದೆಹಲಿಯ ಸುಲ್ತಾನ ತುಘಲಕನಾಡುವ ಉದ್ದನೆಯ ಮಾತಿನಿಂದ ಕಥೆ ಮುಂದೆ ಸಾಗದ ಕಾರಣ ಅದನ್ನು ಕೈಬಿಡಲು ಗೆಳೆಯರು ಯೋಚಿಸುತ್ತಿದ್ದಾರೆಂದೂ ತಿಳಿಸಿ, ಇದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಸರಿಯಲ್ಲ.

ತುಘಲಕನ ಕನಸನ್ನು ಅರಿಯಲು ಅವನು ಏನು ಹೇಳುತ್ತಾನೆ ಎಂಬುದರಷ್ಟೇ ಯಾರಿಗೆ ಹೇಳುತ್ತಾನೆ ಎಂಬುದನ್ನೂ ಗಮನಿಸಬೇಕು. ಮೊದಲ ದೃಶ್ಯದಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವ ನಿರ್ಧಾರವನ್ನು ಸಾರುವಾಗ ಎದುರಿಗೆ ದೆಹಲಿಯ ಜನಸಮೂಹವಿದೆ. ಎಂಟನೆಯ ದೃಶ್ಯದಲ್ಲಿ, ದೌಲತಾಬಾದಿನ ಕೋಟೆಯ ಮೇಲೆ, ನಿದ್ರೆಯಿಲ್ಲದ ರಾತ್ರಿಯಲ್ಲಿ ಎದುರಿಗಿರುವವನು ಹತ್ತೊಂಬತ್ತರ ಒಬ್ಬ ಹುಡುಗ. ತಾನು ಇಪ್ಪತ್ತೊಂದರ ಹರೆಯದಲ್ಲಿ ಇದೇ ಕೋಟೆ ಕಟ್ಟಿಸುತ್ತಿದ್ದಾಗ ಒಂದು ರಾತ್ರಿ ಪಂಜು, ಅರೆಕಟ್ಟಿದ ಬಾಗಿಲು, ಆಕಾಶವೆಲ್ಲ ಕರಗಿ ತನ್ನ ರಕ್ತದಲ್ಲಿ ಒಂದಾದವೆಂದೂ, ಅಷ್ಟರಲ್ಲಿ ದೂರದಿಂದ ಕಾವಲುಗಾರನೊಬ್ಬನ ಕೂಗು ಕೇಳಿ ಎಲ್ಲವೂ ಬೇರೆಬೇರೆಯಾದವೆಂದೂ ಅವನು ಹೇಳುತ್ತಾನೆ. ಆ ಕ್ಷಣವನ್ನು ಮುರಿದವನೂ ಕಾವಲುಗಾರ, ಈಗ ಅದನ್ನು ಕೇಳುತ್ತಿರುವವನೂ ಕಾವಲುಗಾರ! ಹಿಂದೂ ಮುಸಲ್ಮಾನರನ್ನು ಒಂದುಗೂಡಿಸುವ ಹಂಬಲದ ಬೇರು ಇಲ್ಲಿದೆಯೆಂದು ನನಗನಿಸುತ್ತದೆ. ಆ ರಾತ್ರಿ ತಾನಾಗಿ ಒದಗಿದ್ದನ್ನು ಅವನು ಫರ್ಮಾನು ಹೊರಡಿಸಿ ಪಡೆಯಲು ಹೊರಟಿದ್ದಾನೆ.

ಆಮೇಲೆ ನಿಮ್ಮ ಮಾತು ಬರುತ್ತದೆ: ತಾವು ಹೇಳಿದ್ದು ಅರ್ಥವಾಗಲಿಲ್ಲ. ಅವನು ಸಿಡಿಯುತ್ತಾನೆ, ಮರುಗಳಿಗೆಯಲ್ಲೇ ತಣ್ಣಗಾಗಿ ಕ್ಷಮೆ ಕೇಳುತ್ತಾನೆ, ಕೊನೆಗೆ ನಿಮ್ಮನ್ನೂ ‘ಅವರಲ್ಲೊಬ್ಬ’ನೆಂದು ದೂರ ಮಾಡುತ್ತಾನೆ. ದರ್ಪ, ಪಶ್ಚಾತ್ತಾಪ, ಒಂಟಿತನ ಮೂರೂ ಇಷ್ಟು ಹತ್ತಿರ ಹತ್ತಿರ ನಿಂತ ಜಾಗ ನಾಟಕದಲ್ಲಿ ವಿರಳ. ಇದನ್ನು ಕತ್ತರಿಸಿದರೆ ಉಳಿಯುವವನು, ನಲ್ಲಿ ನೀರಿನ ಹೊತ್ತು ಬದಲಾದರೂ ‘ತುಘಲಕ್ ದರ್ಬಾರು’ ಎಂದು ನಾವು ಬೈಯುವ ತಿಕ್ಕಲು ದೊರೆ ಮಾತ್ರ.

ಕೊನೆಯ ದೃಶ್ಯದಲ್ಲಿ ವೇಷಧಾರಿ ಅಗಸ ಅಜೀಜ್ ಸಿಕ್ಕಿಬಿದ್ದಾಗ ಸುಲ್ತಾನ ಶಿಕ್ಷಿಸುವ ಬದಲು ಹುದ್ದೆ ಕೊಡುವುದು ಗೆಳೆಯರಿಗೆ ವಿಚಿತ್ರವಾಗಿ ಕಂಡಿದೆ ಎಂದಿದ್ದೀರಿ. ತನ್ನ ಯೋಜನೆಗಳನ್ನು ಪೂರ್ತಿ ಅರ್ಥಮಾಡಿಕೊಂಡವನು ಒಬ್ಬ ಮೋಸಗಾರ ಮಾತ್ರ ಎಂಬ ಕಹಿ ಪ್ರೇಕ್ಷಕರಿಗೆ ತಟ್ಟಬೇಕಾದರೆ, ಅದಕ್ಕೆ ಮೊದಲು ನೀವು ಅರ್ಥವಾಗಲಿಲ್ಲವೆಂದು ಹೇಳಿರಲೇಬೇಕು.

ಆ ಸಾಲನ್ನು ಪೆದ್ದನಂತೆ ಹೇಳಬೇಡಿ. ಜನ ನಕ್ಕರೆ ದೃಶ್ಯ ಕೈತಪ್ಪುತ್ತದೆ. ಹೆದರಿ, ತಗ್ಗಿದ ದನಿಯಲ್ಲಿ ಹೇಳಿ. ಸುಲ್ತಾನನ ಪಾತ್ರಧಾರಿ ಸಿಟ್ಟಾಗುವ ಮೊದಲು ಒಂದು ಉಸಿರಿನಷ್ಟು ಸುಮ್ಮನಿರಲಿ.

– ಸಂಪಾದಕ