ಇ-ತ್ಯಾಜ್ಯ: ಒಡೆಯಬೇಡಿ, ಇಡಿಯಾಗಿ ಕೊಡಿ

ಮನೆ, ಕಾಲೇಜುಗಳಲ್ಲಿ ಮೂಲೆ ಸೇರಿದ ಎಲೆಕ್ಟ್ರಾನಿಕ್ ಸಾಮಾನುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ.

ಪ್ರಶ್ನೆ: ಬೀರುವಿನ ಡ್ರಾಯರಿನಲ್ಲಿ ನಾಲ್ಕು ಹಳೆಯ ಮೊಬೈಲುಗಳಿವೆ. ಮೊನ್ನೆ ತೆಗೆದು ನೋಡಿದರೆ ಒಂದರ ಹಿಂಬದಿಯ ಮುಚ್ಚಳ ಉಬ್ಬಿ ಮೇಲೆದ್ದಿದೆ. ಒತ್ತಿ ಕೂರಿಸಬಹುದೇ? ಕಸದ ಗಾಡಿಗೆ ಹಾಕಬಹುದೇ? – ಗೃಹಿಣಿ, ತುಮಕೂರು

ಎರಡೂ ಬೇಡ. ಲಿಥಿಯಂ ಬ್ಯಾಟರಿಯೊಳಗಿನ ದ್ರವ ಕೆಟ್ಟು ಅನಿಲವಾದಾಗ ಹೊದಿಕೆ ದಿಂಬಿನಂತೆ ಉಬ್ಬುತ್ತದೆ. ಒಳಗಿನ ಎರಡು ಪದರಗಳನ್ನು ಬೇರೆ ಇಟ್ಟಿರುವುದು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಒತ್ತಿದಾಗ ಅಥವಾ ಸೂಜಿ ಚುಚ್ಚಿ ಗಾಳಿ ಬಿಡಲು ಹೋದಾಗ ಆ ಹಾಳೆ ಹರಿದರೆ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಕಸದ ಗಾಡಿಯಲ್ಲಿ ಕಸವನ್ನು ಅದುಮಿ ತುಂಬುವಾಗ ಆಗುವುದೂ ಇದೇ.

ಫೋನ್ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಸುಲಭವಾಗಿ ಕೈಗೆ ಬರುವ ಹಳೆಯ ಮಾದರಿಯಾದರೆ ತೆಗೆದು, ಅದರ ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪ್ ಅಂಟಿಸಿ. ಅಂಟು ಹಾಕಿ ಕೂರಿಸಿದ್ದಾದರೆ ಮೀಟಲು ಹೋಗದೆ ಫೋನನ್ನೇ ಇಡಿಯಾಗಿ ಬಿಡಿ. ಹಳೆಯ ಸ್ಟೀಲ್ ಡಬ್ಬಿಯಲ್ಲಿ ಎರಡಂಗುಲ ಒಣ ಮರಳು ಹಾಕಿ, ಅದರ ಮೇಲೆ ಇಟ್ಟು, ಮೇಲೂ ಮರಳು ಸುರಿಯಿರಿ. ಮುಚ್ಚಳವನ್ನು ಬಿಗಿ ಮಾಡದೆ ಸುಮ್ಮನೆ ಮುಚ್ಚಿ, ಅನಿಲ ಹೊರಹೋಗಲು ದಾರಿ ಇರಬೇಕು. ಡಬ್ಬಿ ಇರಬೇಕಾದದ್ದು ನೆರಳಿನ ಬಾಲ್ಕನಿಯಲ್ಲಿ, ಪರದೆ, ಕಾಗದ, ಗ್ಯಾಸ್ ಸಿಲಿಂಡರುಗಳಿಂದ ದೂರ. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡುವಾಗ "ಇದು ಉಬ್ಬಿದ ಬ್ಯಾಟರಿ" ಎಂದು ಬಾಯಿಬಿಟ್ಟು ಹೇಳಿ. ಕೊರಿಯರ್‌ನಲ್ಲಾಗಲಿ, ಬಸ್ಸಿನ ಪಾರ್ಸೆಲ್‌ನಲ್ಲಾಗಲಿ ಕಳಿಸಬೇಡಿ. ಹಿಸ್ ಎಂಬ ಸದ್ದು ಅಥವಾ ಹೊಗೆ ಬಂದರೆ ಹತ್ತಿರ ಹೋಗಬೇಡಿ, ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ. ದೂರದಿಂದ ಧಾರಾಳವಾಗಿ ನೀರು ಹಾಕಬಹುದು.

ಉಳಿದ ಮೂರರಲ್ಲಿ ಬಳಕೆಗೆ ಬರುವುದಿದ್ದರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ ಇಡಿ. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಹಾಳಾಗುತ್ತದೆ.

ಪ್ರಶ್ನೆ: ಡಬ್ಬಾ ಟಿವಿ ಮತ್ತು ಹಳೆಯ ಕಂಪ್ಯೂಟರ್ ಇದೆ. ಗುಜರಿಯವರು ಒಳ್ಳೆಯ ಬೆಲೆ ಕೊಡುತ್ತಾರೆ. ಪರವಾನಗಿ ಇರುವ ಸಂಸ್ಥೆಯವರು ಟಿವಿಗೆ ಏನೂ ಕೊಡುವುದಿಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಗುಜರಿಗೇ ಕೊಟ್ಟರೆ ತಪ್ಪೇನು? – ನಿವೃತ್ತ ಶಿಕ್ಷಕರು, ಬೆಂಗಳೂರು

ಟಿವಿ ಗುಜರಿ ಶೆಡ್ಡಿಗೆ ಹೋದ ಮೇಲೆ ಏನಾಗುತ್ತದೆ ನೋಡಿ. ಹಿಂಬದಿಯ ಮುಚ್ಚಳ ತೆಗೆದರೆ ಆಲಿಕೆಯಾಕಾರದ ಗಾಜಿನ ಪಿಕ್ಚರ್ ಟ್ಯೂಬ್, ಅದರ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ. ಕುತ್ತಿಗೆಗೆ ಒಂದೇಟು ಹಾಕಿ ಸುರುಳಿ ಬಿಡಿಸಿಕೊಂಡರೆ ಅವರ ಕೆಲಸ ಮುಗಿಯಿತು. ಆಲಿಕೆಯ ಗಾಜಿನಲ್ಲಿ ಸೀಸ ಬೆರೆತಿದೆ, ದೊಡ್ಡ ಟಿವಿಯಲ್ಲಿ ಒಂದು ಕಿಲೋಗೂ ಹೆಚ್ಚು. ಆ ಗಾಜು ಖಾಲಿ ಸೈಟು ಇಲ್ಲವೇ ರಾಜಕಾಲುವೆ ಸೇರುತ್ತದೆ. ವೈರುಗಳನ್ನು ಗುಡ್ಡೆ ಹಾಕಿ ಸುಟ್ಟು ತಾಮ್ರ ತೆಗೆಯುತ್ತಾರೆ. ಪಿವಿಸಿ ಹೊದಿಕೆ ತಾಮ್ರದ ಜೊತೆ ಉರಿದಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಕಂಪ್ಯೂಟರ್ ಬೋರ್ಡಿನ ಚಿನ್ನಕ್ಕೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಬಕೆಟ್ಟಿನಲ್ಲಿ ಅದ್ದಿಡುತ್ತಾರೆ, ಉಳಿದ ಆಮ್ಲ ಚರಂಡಿಗೆ.

ನಿಮಗೆ ಸಿಗುವ ಹೆಚ್ಚಿನ ಬೆಲೆ ಬರುವುದು ಇಲ್ಲಿಂದ. ಸೀಸದ ಗಾಜು, ಆಮ್ಲ, ಹೊಗೆ ಇವುಗಳ ವಿಲೇವಾರಿಗೆ ಪರವಾನಗಿ ಇರುವವರು ಹಣ ತೆರಬೇಕು. ಶೆಡ್ಡಿನಲ್ಲಿ ಆ ಖರ್ಚನ್ನು ಕೆಲಸದ ಹುಡುಗರ ಶ್ವಾಸಕೋಶವೂ ಪಕ್ಕದ ಬೋರ್‌ವೆಲ್ಲೂ ಹೊರುತ್ತವೆ.

ಇದರಲ್ಲಿ ನಷ್ಟವೂ ಇದೆ. ರಾಯಚೂರಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಬ್ಯಾಟರಿ ತೆಗೆದ ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಅದು ನೂರು ಗ್ರಾಂ ದಾಟುತ್ತದೆ. ಆಮ್ಲದ ಬಕೆಟ್ಟಿನಲ್ಲಿ ಅದರಲ್ಲೂ ಒಂದಷ್ಟು ಪೋಲು, ಮಿಕ್ಕ ಲೋಹಗಳು ಬಹುಪಾಲು ನಷ್ಟ. ಬೆಲ್ಜಿಯಂನ ಹೋಬೋಕೆನ್‌ನಲ್ಲಿರುವ ಯುಮಿಕೋರ್ ಕುಲುಮೆಯಂಥ ಕಡೆ ಪೆಲ್ಲಾಡಿಯಂ, ಬೆಳ್ಳಿ, ತವರ ಸೇರಿ 17 ಲೋಹ ತೆಗೆಯುತ್ತಾರೆ, ಹೊಗೆಯನ್ನು ಶುದ್ಧ ಮಾಡಿಯೇ ಹೊರಬಿಡುತ್ತಾರೆ.

ಇಷ್ಟೆಲ್ಲ ಹೇಳಿದ್ದು ಗುಜರಿಯವರ ಮೇಲಿನ ಸಿಟ್ಟಿನಿಂದಲ್ಲ. ಮನೆ ಮನೆಗೆ ಬಂದು ಸಂಗ್ರಹಿಸುವ ಅವರ ಕೆಲಸವನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ಮಾಡುತ್ತಿಲ್ಲ. ಕೇಡಿರುವುದು ಒಡೆಯುವುದರಲ್ಲಿ, ಸುಡುವುದರಲ್ಲಿ. ಸಾಮಾನನ್ನು ಇಡಿಯಾಗಿ ಪರವಾನಗಿ ಘಟಕಕ್ಕೆ ಮಾರುವವರಿದ್ದರೆ ಧಾರಾಳವಾಗಿ ಕೊಡಿ. ಘಟಕದ ಹೆಸರು ಕೇಳಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿತ ಮರುಬಳಕೆದಾರರ ಪಟ್ಟಿಯಲ್ಲಿದೆಯೇ ನೋಡಿ, ತೂಕ ಬರೆದ ರಸೀದಿ ಪಡೆಯಿರಿ. ದೇಶದಲ್ಲಿ ಮೊದಮೊದಲು ಪರವಾನಗಿ ಪಡೆದ ಇ-ಪರಿಸರ ಘಟಕ ಇರುವುದು ನಿಮಗೆ ಹತ್ತಿರದ ದಾಬಸ್‌ಪೇಟೆಯಲ್ಲೇ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ತಯಾರಕ ಕಂಪನಿಗಳು ತಾವು ಹಿಂದೆ ಮಾರಿ ಈಗ ಬಾಳಿಕೆ ಮುಗಿದ ಸಾಮಾನಿನ ಪ್ರಮಾಣದಲ್ಲಿ ಮೊದಲೆರಡು ವರ್ಷ ಶೇ. 60, ನಂತರದ ಎರಡು ವರ್ಷ ಶೇ. 70, 2027-28ರಿಂದ ಶೇ. 80ರಷ್ಟು ಇ-ತ್ಯಾಜ್ಯ ಮರುಬಳಕೆಯಾದದ್ದಕ್ಕೆ ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳಬೇಕು. ಆದರೆ ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ನಾಲ್ಕಕ್ಕೆ ಮಾತ್ರ. ಸೀಸದ ಗಾಜಿಗೆ ಬೆಲೆ ಕಟ್ಟುವವರಿಲ್ಲ, ನಿಮ್ಮ ಟಿವಿಗೆ ಏನೂ ಸಿಗದಿರಲು ಇದೂ ಒಂದು ಕಾರಣ. ಈ ಕೊರತೆ ತುಂಬಲೇಬೇಕು.

ಪ್ರಶ್ನೆ: ಒಂಬತ್ತು ವರ್ಷದ ಮಿಕ್ಸಿ ನಿಂತುಹೋಗಿದೆ. ಎಕ್ಸ್‌ಚೇಂಜ್‌ಗೆ ಕೊಡಲೇ? – ದಾವಣಗೆರೆ

ಮೊದಲು ಪ್ಲಗ್ ಕಿತ್ತು, ಬುಡಮೇಲು ಮಾಡಿ ನೋಡಿ. ತಳದಲ್ಲಿ ಚಿಕ್ಕ ಕೆಂಪು ಗುಂಡಿ ಇರುತ್ತದೆ. ದೋಸೆಹಿಟ್ಟು ಗಟ್ಟಿಯಾಗಿ ಮೋಟರಿಗೆ ಹೊರೆಯಾದಾಗ ಅದು ತಾನೇ ಹೊರಬಂದು ಕರೆಂಟ್ ಕಡಿಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಒಳಕ್ಕೆ ಒತ್ತಿ. ಇಷ್ಟು ಗೊತ್ತಿಲ್ಲದೆ ಚೆನ್ನಾಗಿರುವ ಮಿಕ್ಸಿಗಳು ಗುಜರಿಗೆ ಹೋಗುತ್ತವೆ.

ಅದರಿಂದ ಆಗದಿದ್ದರೆ, ಕೆಡುವ ಮೊದಲು ಒಳಗೆ ಕಿಡಿ ಕಾಣುತ್ತಿತ್ತೇ, ತಟ್ಟಿದರೆ ಓಡಿ ಮತ್ತೆ ನಿಲ್ಲುತ್ತಿತ್ತೇ ನೆನಪಿಸಿಕೊಳ್ಳಿ. ಹೌದಾದರೆ ಕಾರ್ಬನ್ ಬ್ರಷ್ ಸವೆದಿದೆ. ರಿಪೇರಿ ಅಂಗಡಿಯಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಲು ಹೇಳಿ, ಒಂದೇ ಹಾಕಿದರೆ ಹಳೆಯದು ಬೇಗ ಕೈಕೊಡುತ್ತದೆ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳನ್ನು ನಯವಾದ ಮರಳು ಕಾಗದದಿಂದ ಒರೆಸಿಸಿ. ಮನೆಗೆ ತಂದು ಜಾರ್ ಇಡದೆ ಒಂದೆರಡು ನಿಮಿಷ ಓಡಿಸಿದರೆ ಹೊಸ ಬ್ರಷ್ ಕೂರುತ್ತದೆ. ಸುರುಳಿಯೇ ಸುಟ್ಟು ಕಮಟು ವಾಸನೆ ಹಿಡಿದಿದ್ದರೆ ಮಾತ್ರ ಎಕ್ಸ್‌ಚೇಂಜ್ ಯೋಚನೆ ಮಾಡಿ.

ಪ್ರಶ್ನೆ: ನಮ್ಮ ಕಾಲೇಜಿನ ಅರವತ್ತು ಕಂಪ್ಯೂಟರುಗಳನ್ನು ಹರಾಜು ಹಾಕಬೇಕೆಂದಿದ್ದೇವೆ. ಏನೇನು ಗಮನಿಸಬೇಕು? – ಪ್ರಾಂಶುಪಾಲರು, ಧಾರವಾಡ

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತೆಂದು ಹರಾಜಿಗೆ ಹೊರಟಿದ್ದರೆ ಸ್ವಲ್ಪ ತಡೆಯಿರಿ. 4 ಜಿಬಿ ರ‍್ಯಾಮನ್ನು 8ಕ್ಕೆ ಏರಿಸಿ, ಹಾರ್ಡ್‌ಡಿಸ್ಕ್ ಜಾಗದಲ್ಲಿ ಚಿಪ್‌ನಲ್ಲಿ ಮಾಹಿತಿ ಇಡುವ 256 ಜಿಬಿ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ತುಂಬಿದರೆ ಟೈಪಿಂಗ್, ಪ್ರೋಗ್ರಾಮಿಂಗ್ ಕಲಿಕೆಗೆ ಇನ್ನೂ ಕೆಲವು ವರ್ಷ ಬರುತ್ತವೆ.

ನಿಜಕ್ಕೂ ಕೆಟ್ಟವುಗಳನ್ನು "ಹೆಚ್ಚು ಕೂಗಿದವರಿಗೆ" ಎಂದು ಹರಾಜು ಹಾಕಿದರೆ ಮೇಲೆ ಹೇಳಿದ ಶೆಡ್ಡಿಗೇ ಹೋಗುತ್ತವೆ. ನೋಂದಾಯಿತ ಮರುಬಳಕೆದಾರರಷ್ಟೇ ಭಾಗವಹಿಸಬೇಕು ಎಂದು ಟೆಂಡರಿನಲ್ಲಿ ಮೊದಲ ಷರತ್ತು ಹಾಕಿ. ಕನಿಷ್ಠ 1,000 ಉಪಕರಣ ಬಳಸುವ ಸಂಸ್ಥೆ ಇ-ತ್ಯಾಜ್ಯವನ್ನು ನೋಂದಾಯಿತರಿಗಷ್ಟೇ ಕೊಡುವುದು ಕಾನೂನಿನ ಕಡ್ಡಾಯ, ನೀವು ಆ ಲೆಕ್ಕಕ್ಕೆ ಬರದಿದ್ದರೂ ಇದನ್ನೇ ಮಾಡಿ. ಸೀರಿಯಲ್ ನಂಬರುಗಳ ಪಟ್ಟಿ ಇಟ್ಟುಕೊಳ್ಳಿ. ಯುಪಿಎಸ್‌ನ ಸೀಸದ ಬ್ಯಾಟರಿಗಳನ್ನು ಬೇರೆ ಮಾಡಿ, ಅವಕ್ಕೆ 2022ರ ಬ್ಯಾಟರಿ ನಿಯಮ ಪ್ರತ್ಯೇಕವಾಗಿದೆ.

ವಿದ್ಯಾರ್ಥಿಗಳ ವಿವರ ಇರುವ ಡಿಸ್ಕುಗಳ ವಿಷಯದಲ್ಲಿ ಫಾರ್ಮ್ಯಾಟ್ ನಂಬಬೇಡಿ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪರಿವಿಡಿಯನ್ನಷ್ಟೇ, ಪುಟಗಳು ಹಾಗೇ ಇರುತ್ತವೆ. ಹಾರ್ಡ್‌ಡಿಸ್ಕಿನ ಮೇಲೆ ಪೂರ್ತಿಯಾಗಿ ಒಂದು ಸಲ ಸೊನ್ನೆ ಬರೆದರೆ ಸಾಕು. ಎಸ್‌ಎಸ್‌ಡಿಯಲ್ಲಿ ಹಾಗೆ ಬರೆದರೂ ಹಳೆಯ ಮಾಹಿತಿ ಮೂಲೆಯಲ್ಲಿ ಉಳಿಯಬಹುದು, ಅದಕ್ಕೆ ತಯಾರಕರ ಸೆಕ್ಯೂರ್ ಇರೇಸ್ ಆಜ್ಞೆಯೇ ಬೇಕು. ಕೆಟ್ಟು ಓಡದ ಡಿಸ್ಕನ್ನು ನಿಮ್ಮ ಸಿಬ್ಬಂದಿಯ ಎದುರಿನಲ್ಲೇ ಪುಡಿ ಮಾಡಿಸಿ, ಪ್ರಮಾಣಪತ್ರ ಪಡೆಯಿರಿ.

ಪ್ರಶ್ನೆ: ಫೋನ್ ಮಾರುವ ಮುನ್ನ ರೀಸೆಟ್ ಮಾಡಿದರೆ ಸಾಕಲ್ಲವೇ? – ಮೈಸೂರು

ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ರೀಸೆಟ್ ಮಾಡಿದರೆ ಅದರ ಕೀಲಿಯೇ ಅಳಿಯುತ್ತದೆ. ಹಾಗಾಗಿ ಮಾಹಿತಿಯ ಮಟ್ಟಿಗೆ ಸಾಕು. ಆದರೆ ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ, ಐಫೋನ್ ಆದರೆ ಕಳೆದ ಫೋನ್ ಹುಡುಕುವ 'ಫೈಂಡ್ ಮೈ' ಆಫ್ ಮಾಡಿ. ಈ ಕ್ರಮ ತಪ್ಪಿದರೆ ಮುಂದಿನವರು ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳಬಹುದು. ನೀವು ಸಿಗದಿದ್ದರೆ, ಇನ್ನೂ ಮೂರು ವರ್ಷ ಓಡಬೇಕಿದ್ದ ಫೋನು ಬಿಡಿಭಾಗದ ಬೆಲೆಗೆ ಬೀಳುತ್ತದೆ. ಸಿಮ್ ಜೊತೆ ಮೆಮೊರಿ ಕಾರ್ಡನ್ನೂ ತೆಗೆದಿಟ್ಟುಕೊಳ್ಳಿ, ಅದು ರೀಸೆಟ್‌ನಲ್ಲಿ ತಾನಾಗಿ ಅಳಿಯುವುದಿಲ್ಲ.